ಗಣಕಯಂತ್ರದ ಚಿತ್ರ ಹಳೆಯ ಟಿ.ವಿ.ಯಲ್ಲಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಸಣ್ಣ ಮನೆಗಳಲ್ಲಿ ಒಂದೊಂದು ಅಡಿ ಜಾಗಕ್ಕೂ ಬೆಲೆಯಿದೆ. ಆದರೂ ಹೊಸ ಟಿ.ವಿ. ಬಂದ ಮೇಲೆ ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಮೂಲೆಯಲ್ಲಿ ಇಟ್ಟುಕೊಂಡವರು ಅನೇಕರು. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಅಸಂಖ್ಯ ಮಕ್ಕಳು ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಪಾಠ ಕೇಳಬೇಕಾಯಿತು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ದೀಕ್ಷಾ' ಜಾಲದಲ್ಲಿ ಕನ್ನಡದ ಪಾಠಗಳೂ ದೊರೆಯುತ್ತವೆ. ಹೊರನಾಡಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇವನ್ನು ದೊಡ್ಡ ಪರದೆಯಲ್ಲಿ ತೋರಿಸಲು ಹೊಸ ಟಿ.ವಿ.ಯೇ ಆಗಬೇಕೆಂದಿಲ್ಲ. ಸರಿಯಾದ ಉಪಕರಣವನ್ನು ಅರಿತು ಜೋಡಿಸಿದರೆ ಮೂಲೆಯಲ್ಲಿರುವ ಟಿ.ವಿ.ಯೇ ಸಾಕು.

ಪ್ಲಗ್ಗು ಹೊಂದಿದರೆ ಸಾಲದು

ಗಣಕಯಂತ್ರ ಮತ್ತು ಹಳೆಯ ಟಿ.ವಿ. ಎರಡೂ ಚಿತ್ರವನ್ನು ಗೆರೆಗಳಾಗಿ ಬಿಡಿಸುತ್ತವೆಯಾದರೂ ಅವುಗಳ ಲೆಕ್ಕ ಬೇರೆ ಬೇರೆ. ಭಾರತದ ಹಳೆಯ ಟಿ.ವಿ.ಗಳು 'ಪಾಲ್' ಪದ್ಧತಿಯವು. ಈ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಸೆಕೆಂಡಿಗೆ 15,625 ಗೆರೆಗಳು. ಗಣಕಯಂತ್ರಗಳಲ್ಲಿ 1987ರಿಂದ ಬಳಕೆಗೆ ಬಂದ ವಿ.ಜಿ.ಎ. ಪದ್ಧತಿಯಲ್ಲಿ ಕನಿಷ್ಠ ಸುಮಾರು 31,500 ಗೆರೆಗಳು. ಅದೂ ಅಲ್ಲದೆ, ವಿ.ಜಿ.ಎ. ತಂತಿಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಪ್ರತ್ಯೇಕವಾಗಿ ಹರಿದರೆ, ಟಿ.ವಿ.ಯ ಹಳದಿ ರಂಧ್ರವು ಎಲ್ಲ ಬಣ್ಣಗಳನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕೊಡುವುದನ್ನು ನಿರೀಕ್ಷಿಸುತ್ತದೆ. ಇತ್ತೀಚಿನ ಗಣಕಯಂತ್ರಗಳ ಎಚ್‌.ಡಿ.ಎಂ.ಐ. ಸಂಕೇತವಂತೂ ಅಂಕಿಗಳ ರೂಪದ್ದು; ಹಳೆಯ ಟಿ.ವಿ.ಗೆ ಅದು ಅರ್ಥವೇ ಆಗದು.

ಆದುದರಿಂದ ಒಂದು ತುದಿಯಲ್ಲಿ ವಿ.ಜಿ.ಎ. ಅಥವಾ ಎಚ್‌.ಡಿ.ಎಂ.ಐ. ಪ್ಲಗ್ಗು, ಮತ್ತೊಂದು ತುದಿಯಲ್ಲಿ ಮೂರು ಬಣ್ಣದ ಪ್ಲಗ್ಗುಗಳಿರುವ ಬರಿಯ ತಂತಿಯನ್ನು ಕೊಳ್ಳುವುದು ಸಾಮಾನ್ಯವಾಗಿ ಹಣ ವ್ಯರ್ಥ ಮಾಡಿದಂತೆ. ಇಂತಹ ತಂತಿಗಳು ಅಗ್ಗವಾಗಿ ಸಿಗುತ್ತವೆ, ರಂಧ್ರಕ್ಕೆ ಹೊಂದುತ್ತವೆ. ಚಿತ್ರ ಮಾತ್ರ ಬರುವುದಿಲ್ಲ. ಬೇಕಾದುದು ತಂತಿಯಲ್ಲ, ಸಂಕೇತವನ್ನು ಮಾರ್ಪಡಿಸುವ 'ಕನ್ವರ್ಟರ್' ಎಂಬ ಪುಟ್ಟ ಪೆಟ್ಟಿಗೆ. ಕೊಳ್ಳುವಾಗ ಅದರ ಮೇಲೆ ಬರೆದ ದಿಕ್ಕನ್ನು ಪರೀಕ್ಷಿಸಬೇಕು. ಎಚ್‌.ಡಿ.ಎಂ.ಐ.ಯಿಂದ ಎ.ವಿ.ಗೆ ಮಾರ್ಪಡಿಸುವ ಪೆಟ್ಟಿಗೆಯೂ ಎ.ವಿ.ಯಿಂದ ಎಚ್‌.ಡಿ.ಎಂ.ಐ.ಗೆ ಮಾರ್ಪಡಿಸುವ ಪೆಟ್ಟಿಗೆಯೂ ನೋಡಲು ಒಂದೇ ತೆರನಾಗಿರುತ್ತವೆ. ನಮಗೆ ಬೇಕಾದುದು ಮೊದಲನೆಯದು.

ಟಿ.ವಿ.ಯ ಹಿಂಬದಿಯನ್ನು ನೋಡಿ

ಮುಂಬಯಿಯಲ್ಲಿ 2012ರಲ್ಲಿಯೂ, ನೆರೆಯ ಈ ನಗರಗಳಲ್ಲಿ ಅದರ ಬೆನ್ನಿಗೇ ಮುಂದಿನ ಹಂತದಲ್ಲಿಯೂ ಕೇಬಲ್ ಪ್ರಸಾರವು ಡಿಜಿಟಲ್ ಆದಾಗ ಮನೆಮನೆಗೆ ಸೆಟ್‌ಟಾಪ್ ಪೆಟ್ಟಿಗೆ ಬಂತು. ಅದನ್ನು ಟಿ.ವಿ.ಗೆ ಜೋಡಿಸಲು ಬಳಸಿದ ಹಳದಿ, ಕೆಂಪು, ಬಿಳಿ ಪ್ಲಗ್ಗುಗಳ ತಂತಿಯೇ ಈ ಕೆಲಸಕ್ಕೂ ಸಲ್ಲುತ್ತದೆ. ಹಳದಿ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಧ್ವನಿಗೆ. ಟಿ.ವಿ.ಯಲ್ಲಿ ಧ್ವನಿಗೆ ಒಂದೇ ರಂಧ್ರವಿದ್ದರೆ ಬಿಳಿಯ ಪ್ಲಗ್ಗನ್ನು ಅದಕ್ಕೆ ಜೋಡಿಸಬಹುದು. ಆಂಟೆನಾ ರಂಧ್ರ ಮಾತ್ರವಿರುವ ಇನ್ನೂ ಹಳೆಯ ಟಿ.ವಿ.ಗೆ ಕನ್ವರ್ಟರಿನ ಜೊತೆಗೆ ಮಾಡ್ಯುಲೇಟರ್ ಎಂಬ ಇನ್ನೊಂದು ಉಪಕರಣ ಬೇಕು. ಚಪ್ಪಟೆ ಪರದೆಯ ಹಳೆಯ ಟಿ.ವಿ.ಯಲ್ಲಿ 'ಪಿ.ಸಿ.' ಎಂದು ಗುರುತಿಸಿದ ವಿ.ಜಿ.ಎ. ರಂಧ್ರವಿದ್ದು, ಗಣಕಯಂತ್ರದಲ್ಲಿಯೂ ಅದೇ ಇದ್ದರೆ ಕನ್ವರ್ಟರಿನ ಅಗತ್ಯವಿಲ್ಲ. ಧ್ವನಿಗೆ ಮಾತ್ರ ಬೇರೆ ತಂತಿ ಹಾಕಬೇಕು.

ಜೋಡಿಸುವ ಕ್ರಮ

1. ಟಿ.ವಿ., ಗಣಕಯಂತ್ರ ಎರಡನ್ನೂ ಆರಿಸಿ, ಗೋಡೆಯ ಪ್ಲಗ್ಗನ್ನು ತೆಗೆಯಿರಿ. ಕೇಬಲ್ ತಂತಿಯನ್ನೂ ಬಿಡಿಸಿರಿ.
2. ಗಣಕಯಂತ್ರದಿಂದ ಕನ್ವರ್ಟರಿಗೆ ಎಚ್‌.ಡಿ.ಎಂ.ಐ. ತಂತಿಯನ್ನೂ, ಕನ್ವರ್ಟರಿನಿಂದ ಟಿ.ವಿ.ಗೆ ಮೂರು ಬಣ್ಣದ ತಂತಿಯನ್ನೂ ಸೇರಿಸಿರಿ.
3. ಕನ್ವರ್ಟರಿನ ಗುಂಡಿಯನ್ನು 'ಪಾಲ್' ಕಡೆಗೆ ತಿರುಗಿಸಿರಿ. 'ಎನ್‌.ಟಿ.ಎಸ್‌.ಸಿ.' ಕಡೆಗಿದ್ದರೆ ಚಿತ್ರವು ಬಣ್ಣಗೆಡಬಹುದು ಅಥವಾ ಉರುಳಬಹುದು.
4. ಕನ್ವರ್ಟರಿಗೆ ಯು.ಎಸ್‌.ಬಿ. ತಂತಿಯ ಮೂಲಕ 5 ವೋಲ್ಟ್ ವಿದ್ಯುತ್ ಕೊಡಿರಿ.
5. ಮೊದಲು ಟಿ.ವಿ.ಯನ್ನು ಹಚ್ಚಿ, ರಿಮೋಟಿನಲ್ಲಿ 'ಎ.ವಿ.' ಒತ್ತಿರಿ. ಬಳಿಕ ಗಣಕಯಂತ್ರವನ್ನು ಆರಂಭಿಸಿರಿ. ವಿಂಡೋಸ್ ಇದ್ದಲ್ಲಿ ವಿಂಡೋಸ್ ಕೀಲಿಯನ್ನು ಅದುಮಿ ಹಿಡಿದು 'ಪಿ' ಒತ್ತಿ, ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುವ ಆಯ್ಕೆಯನ್ನು ಆರಿಸಿರಿ.

ಅಕ್ಷರಗಳು ಸ್ಪಷ್ಟವಾಗಲು

ಹಳೆಯ ಟಿ.ವಿ.ಯ 625 ಗೆರೆಗಳಲ್ಲಿ ಚಿತ್ರಕ್ಕೆ ಒದಗುವುದು 576 ಮಾತ್ರ. ಇಂದಿನ ಗಣಕಯಂತ್ರದ 1,080 ಗೆರೆಗಳನ್ನು ಅದರೊಳಗೆ ಇಳಿಸಿದಾಗ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ. ಕನ್ನಡಕ್ಕೆ ಈ ತೊಂದರೆ ಇನ್ನೂ ಹೆಚ್ಚು. ಒತ್ತಕ್ಷರಗಳೂ ದೀರ್ಘದ ಗುರುತುಗಳೂ ಮೊದಲು ಮಾಯವಾಗುತ್ತವೆ. ಅಕ್ಷರ ಕಲಿಯುವ ಮಗುವಿಗೆ ಇದು ಸಣ್ಣ ದೋಷವಲ್ಲ. ಆದುದರಿಂದ ಗಣಕಯಂತ್ರದ ಪರದೆಯ ಅಳತೆಯನ್ನು 800 x 600ಕ್ಕೆ ಇಳಿಸಿ, ಅಕ್ಷರಗಳನ್ನು ಹಿಗ್ಗಿಸಬೇಕು. ಬಿಳಿಯ ಮೇಲೆ ಕಪ್ಪು ಅಕ್ಷರ ಉತ್ತಮ. ನೀಲಿಯ ಮೇಲೆ ಕೆಂಪು ಅಕ್ಷರವು ಅಂಚಿನಲ್ಲಿ ಹರಡುತ್ತದೆ. ಪರದೆಯ ನಾಲ್ಕು ಅಂಚುಗಳು ಕತ್ತರಿಸಿ ಹೋಗುವುದು ಈ ಟಿ.ವಿ.ಗಳ ಸ್ವಭಾವ, ಅದು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ವೀಡಿಯೊ ಪಾಠ, ಚಿತ್ರ, ಹಾಡುಗಳಿಗೆ ಈ ಏರ್ಪಾಡು ತಕ್ಕುದು; ದೀರ್ಘ ಓದಿಗೆ ತಕ್ಕುದಲ್ಲ.

ಎಚ್ಚರಿಕೆ

ಚಿತ್ರ ಬಾರದಿದ್ದರೆ ಟಿ.ವಿ.ಯ ಹಿಂಬದಿಯ ಮುಚ್ಚಳವನ್ನು ಎಂದಿಗೂ ಬಿಚ್ಚಬಾರದು. ಬಣ್ಣದ ಟಿ.ವಿ.ಯ ಚಿತ್ರನಳಿಗೆಯಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಪ್ಲಗ್ಗು ತೆಗೆದ ಮೇಲೂ ಅದು ಕೆಲಕಾಲ ಉಳಿಯಬಲ್ಲದು. ಗಣಕಯಂತ್ರದ ಲೋಹದ ಭಾಗವನ್ನು ಮುಟ್ಟಿದಾಗ ಜುಮ್ಮೆನಿಸಿದರೆ ಜೋಡಣೆಯನ್ನು ನಿಲ್ಲಿಸಿ, ಗೋಡೆಯ ಅರ್ಥಿಂಗ್ ಸರಿಯಿದೆಯೇ ಎಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಬೇಕು. ಮಳೆಗಾಲದ ತೇವಕ್ಕೆ ಪ್ಲಗ್ಗುಗಳಲ್ಲಿ ಕಿಲುಬು ಕಟ್ಟಿ ಚಿತ್ರ ನಡುಗುವುದುಂಟು. ಆಗ ವಿದ್ಯುತ್ ತೆಗೆದು, ಒಣಬಟ್ಟೆಯಿಂದ ಪ್ಲಗ್ಗನ್ನು ಒರಸಿದರೆ ಸಾಕು.

ಟಿ.ವಿ. ಪೂರ್ಣವಾಗಿ ಕೆಟ್ಟಾಗ ಅದನ್ನು ಕಸದ ತೊಟ್ಟಿಗೆ ಹಾಕಬಾರದು. ಚಿತ್ರನಳಿಗೆಯ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇಂತಹ ವಸ್ತುಗಳ ಮರುಬಳಕೆಯು ನೋಂದಾಯಿತ ಸಂಸ್ಥೆಗಳ ಮೂಲಕವೇ ನಡೆಯತಕ್ಕದ್ದು. ಅಲ್ಲಿಯವರೆಗೆ ಅದರ ಆಯುಷ್ಯವಿರುವಷ್ಟು ದಿನ ಅದು ಮನೆಯ ಮಕ್ಕಳ ಪಾಠಕ್ಕೆ ಒದಗಿದರೆ ಹಣವೂ ಉಳಿಯುತ್ತದೆ, ತ್ಯಾಜ್ಯವೂ ತಗ್ಗುತ್ತದೆ.