ನಲ್ಲಿಯ ನೀರು ಮತ್ತು ಬಾಟಲಿಯ ನೀರು

ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು, ಅದರೊಡನೆ ಒಂದು ಚೂರು ಬೆಲ್ಲ ಕೊಟ್ಟು ಉಪಚರಿಸುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ಇಂದು ಅನೇಕ ಕಡೆಗಳಲ್ಲಿ ಆ ಲೋಟದ ಸ್ಥಾನವನ್ನು ಪ್ಲಾಸ್ಟಿಕ್ ಬಾಟಲಿ ಆಕ್ರಮಿಸಿದೆ. ಮದುವೆಯ ಪಂಕ್ತಿಯಲ್ಲಿ ಪ್ರತಿಯೊಂದು ಬಾಳೆಯೆಲೆಯ ಪಕ್ಕದಲ್ಲಿಯೂ ಒಂದು ಪುಟ್ಟ ಬಾಟಲಿ ಇರುತ್ತದೆ. ಅತಿಥಿಗಳು ಎರಡು ಗುಟುಕು ಕುಡಿದು ಎದ್ದು ಹೋಗುತ್ತಾರೆ. ಎಲೆಯನ್ನು ದನ ತಿನ್ನುತ್ತದೆ, ಇಲ್ಲವೇ ಅದು ಕೆಲವು ವಾರಗಳಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಬಾಟಲಿ ಮಾತ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಬಾಟಲಿಯ ನೀರನ್ನು ಕೊಳ್ಳುವವರು ಆಡಂಬರಕ್ಕಾಗಿಯೇ ಕೊಳ್ಳುತ್ತಾರೆಂದು ಹೇಳಲಾಗದು. ಮಕ್ಕಳಿಗೆ ಭೇದಿ, ಕಾಮಾಲೆ, ವಿಷಮಶೀತ ಜ್ವರ ಬಾರದಿರಲಿ ಎಂಬ ಕಳಕಳಿಯೇ ಇದಕ್ಕೆ ಕಾರಣ. ಆ ಕಳಕಳಿ ನ್ಯಾಯವಾದುದು. ಆದರೆ ಅದೇ ರಕ್ಷಣೆಯನ್ನು ಅಲ್ಪ ವೆಚ್ಚದಲ್ಲಿ, ನೆಲ, ಜಲ, ಗಾಳಿಗಳಿಗೆ ಇಷ್ಟು ಹಾನಿ ಮಾಡದೆ, ಮನೆಯಲ್ಲಿಯೇ ಪಡೆಯಬಹುದು. ಅದು ಹೇಗೆಂಬುದೇ ಈ ಪಾಠದ ವಿಷಯ.

ಬಾಟಲಿಯ ಹಿಂದಿರುವ ವೆಚ್ಚ

ನೀರಿನ ಬಾಟಲಿಯನ್ನು ಪೆಟ್ ಎಂಬ ಪ್ಲಾಸ್ಟಿಕ್‌ನಿಂದ ತಯಾರಿಸುತ್ತಾರೆ. ಇದರ ಮೂಲವಸ್ತು ಪೆಟ್ರೋಲಿಯಂ ಎಣ್ಣೆ. ಎಣ್ಣೆಯಿಂದ ಪ್ಲಾಸ್ಟಿಕ್ ಹರಳುಗಳನ್ನು ಮಾಡಿ, ಅವನ್ನು ಕರಗಿಸಿ ಅಚ್ಚಿನಲ್ಲಿ ಊದಿ ಬಾಟಲಿ ಮಾಡಬೇಕು. ನೀರನ್ನು ಶುದ್ಧಗೊಳಿಸಿ ತುಂಬಬೇಕು. ಅನಂತರ ಲಾರಿಯಲ್ಲಿ ಸಾಗಿಸಿ, ಅಂಗಡಿಯಲ್ಲಿ ತಣ್ಣಗಿಡಬೇಕು. ಈ ಪ್ರತಿಯೊಂದು ಹಂತದಲ್ಲಿಯೂ ಇಂಧನ ವ್ಯಯವಾಗುತ್ತದೆ.

ಅಮೆರಿಕದ ಪೆಸಿಫಿಕ್ ಇನ್‌ಸ್ಟಿಟ್ಯೂಟ್ ಸಂಸ್ಥೆಯ ತಜ್ಞರು 2009ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಒಂದು ಲೀಟರ್ ಬಾಟಲಿ ನೀರಿಗೆ 5.6ರಿಂದ 10.2 ಮೆಗಾಜೂಲ್ ಶಕ್ತಿ ಬೇಕಾದರೆ, ಅಲ್ಲಿಯ ನಲ್ಲಿಯ ನೀರಿಗೆ ಸುಮಾರು 0.005 ಮೆಗಾಜೂಲ್ ಸಾಕು. ಅಂದರೆ ವ್ಯತ್ಯಾಸ ಸಾವಿರದಿಂದ ಎರಡು ಸಾವಿರ ಪಟ್ಟು.

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. 1974ರಿಂದ ಬೆಂಗಳೂರಿಗೆ ಕಾವೇರಿಯ ನೀರು ಬರುತ್ತಿದೆ. ಇದನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಏರಿಸಬೇಕು. ಇದು ದುಬಾರಿ ನೀರೇ ಸರಿ. ಆದರೂ ಒಂದು ಲೀಟರ್ ಬಾಟಲಿ ನೀರಿಗೆ ತಗಲುವ ಶಕ್ತಿಯಿಂದ ಕಾವೇರಿಯ ನೂರಾರು ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಬಹುದು.

ನೀರಿನ ವೆಚ್ಚವೂ ಉಂಟು. ನೀರು ತುಂಬುವ ಘಟಕಗಳು ಬಹುಮಟ್ಟಿಗೆ ಅಂತರ್ಜಲವನ್ನು ಎತ್ತುತ್ತವೆ. ಶುದ್ಧೀಕರಣದಲ್ಲಿ ಅದರ ಒಂದು ಭಾಗ ಲವಣಯುಕ್ತ ತ್ಯಾಜ್ಯ ನೀರಾಗಿ ಹೊರಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿದುದನ್ನು ಕಂಡವರಿಗೆ ಅಂತರ್ಜಲದ ಬೆಲೆಯನ್ನು ಹೇಳಬೇಕಾಗಿಲ್ಲ.

ಬರಿದಾದ ಬಾಟಲಿ ಎಲ್ಲಿ ಹೋಗುತ್ತದೆ?

ಪುಟ್ಟ ಬಾಟಲಿಯೊಂದರ ತೂಕ ಸುಮಾರು 10 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಸಾವಿರ ಜನ ಉಂಡ ಒಂದೇ ಹೊತ್ತಿನ ಊಟದಿಂದ 10 ಕಿಲೋ ಪ್ಲಾಸ್ಟಿಕ್ ಉಳಿಯುತ್ತದೆ. ಚಿಂದಿ ಆಯುವವರ ಕೈಗೆ ಸಿಕ್ಕ ಬಾಟಲಿಗಳಿಂದ ನೂಲು ಮುಂತಾದುವನ್ನು ಮಾಡುವುದುಂಟು. ಸಿಗದೆ ಹೋದವು ಚರಂಡಿ, ಕೆರೆ, ಹೊಲಗಳನ್ನು ಸೇರುತ್ತವೆ. ಅವು ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಸೂಕ್ಷ್ಮ ಕಣಗಳಾಗುತ್ತವೆ. ಕೆಲವರು ಅವನ್ನು ಹಿತ್ತಲಿನಲ್ಲಿ ರಾಶಿ ಹಾಕಿ ಸುಡುತ್ತಾರೆ. ಈ ಹೊಗೆ ಮಕ್ಕಳ ಮತ್ತು ಗರ್ಭಿಣಿಯರ ಆರೋಗ್ಯಕ್ಕೆ ಹಾನಿಕರ.

ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಬಿಸಾಡಿದ ಬಾಟಲಿಯಲ್ಲಿ ಮಳೆನೀರು ನಿಂತರೆ, ಡೆಂಗ್ಯೂ ಜ್ವರ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆ ಇಡುತ್ತದೆ. ಒಂದು ರೋಗವನ್ನು ತಪ್ಪಿಸಲು ತಂದ ಬಾಟಲಿ ಇನ್ನೊಂದು ರೋಗಕ್ಕೆ ತೊಟ್ಟಿಲಾಗುವುದು ಹೀಗೆ.

ಬಾಟಲಿಯ ನೀರು ಹೆಚ್ಚು ಶುದ್ಧವೇ?

ಕ್ರಮಬದ್ಧವಾಗಿ ತಯಾರಿಸಿದ ಬಾಟಲಿಯ ನೀರು ರೋಗಾಣುರಹಿತವಾಗಿರುತ್ತದೆ, ನಿಜ. ಆದರೆ ಅದು ಪೂರ್ಣ ನಿರ್ಮಲವೆಂದು ಭಾವಿಸಬಾರದು. ಅಮೆರಿಕದಲ್ಲಿ ಮಾರುವ ಬಾಟಲಿ ನೀರನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ, ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣಗಳಿರುವುದನ್ನು 2024ರಲ್ಲಿ ವರದಿ ಮಾಡಿದರು. ಇವುಗಳಿಂದ ದೇಹದ ಮೇಲಾಗುವ ಪರಿಣಾಮ ಇನ್ನೂ ಅಧ್ಯಯನದ ಹಂತದಲ್ಲಿದೆ.

ಪ್ರವಾಹ ಬಂದಾಗ, ಕಾಲರಾ ತಲೆದೋರಿದಾಗ, ಸುರಕ್ಷಿತ ನೀರು ಸಿಗದ ಪ್ರಯಾಣದಲ್ಲಿ, ಮುಚ್ಚಳದ ಮುದ್ರೆ ಒಡೆಯದ ಬಾಟಲಿಯ ನೀರು ಉಪಯುಕ್ತವೇ. ಆಪತ್ಕಾಲದ ಈ ಸಾಧನವನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳುವುದು ಸರಿಯಲ್ಲ.

ನಲ್ಲಿಯ ನೀರು ಕೆಡುವುದು ಹೇಗೆ?

ಶುದ್ಧೀಕರಣ ಕೇಂದ್ರದಿಂದ ಹೊರಡುವ ನೀರಿಗೆ ಕ್ಲೋರಿನ್ ಸೇರಿಸಿರುತ್ತಾರೆ. ಆದರೆ ನೀರು ಬಾರದ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಆಗ ಬಿರುಕುಗಳ ಮೂಲಕ ಪಕ್ಕದ ಚರಂಡಿಯ ಕೊಳೆ ಕೊಳವೆಯೊಳಗೆ ಸೇರಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಕೆಲವು ದಿನಗಳಿಗೊಮ್ಮೆ ನೀರು ಬಿಡುತ್ತಿದ್ದ ಬಡಾವಣೆಗಳ ನಲ್ಲಿಗಳಿಂದ ತೆಗೆದ ಮಾದರಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಮಲಮೂಲದ ರೋಗಾಣುಗಳ ಸೂಚನೆಯಿತ್ತು. ದಿನದ 24 ಗಂಟೆಯೂ ನೀರು ಬರುತ್ತಿದ್ದ ಬಡಾವಣೆಗಳಲ್ಲಿ ಇದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದುದರಿಂದ ದೋಷವಿರುವುದು ನಲ್ಲಿಯಲ್ಲಲ್ಲ, ಅದರ ವ್ಯವಸ್ಥೆಯಲ್ಲಿ. ಮನೆಯಲ್ಲಿ ತೊಳೆಯದ ಕೊಡ, ತೆರೆದ ಪಾತ್ರೆ, ನೀರಿನಲ್ಲಿ ಅದ್ದಿದ ಕೈ ಇವೂ ನೀರನ್ನು ಕೆಡಿಸುತ್ತವೆ.

ಮನೆಯಲ್ಲಿ ಅನುಸರಿಸತಕ್ಕ ಕ್ರಮಗಳು

1. ನೀರು ಬಿಟ್ಟೊಡನೆ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ಅದನ್ನು ಗಿಡಗಳಿಗೆ, ಪಾತ್ರೆ ತೊಳೆಯದ ಇತರ ಕೆಲಸಗಳಿಗೆ ಬಳಸಿ.

2. ನೀರು ಕದಡಿದ್ದರೆ ಮಡಿಸಿದ ಶುಭ್ರವಾದ ಬಟ್ಟೆಯಲ್ಲಿ ಸೋಸಿ.

3. ಕುಡಿಯುವ ನೀರನ್ನು ಕುದಿಸಿ. ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಬಹಳ ಹೊತ್ತು ಕುದಿಸಿ ಇಂಧನ ವ್ಯರ್ಥ ಮಾಡಬೇಡಿ. ಒಂದು ಲೀಟರ್ ನೀರು ಕುದಿಸಲು ಅಡಿಗೆ ಅನಿಲದ ಒಲೆಯಲ್ಲಿ ಸುಮಾರು ಅರ್ಧ ಮೆಗಾಜೂಲ್ ಶಕ್ತಿ ಬೇಕು. ಇದು ಬಾಟಲಿಯ ನೀರಿಗೆ ಬೇಕಾದುದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ.

4. ಕುದಿಸುವ ಅನುಕೂಲವಿಲ್ಲದವರು ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಬಹುದು. ಅಲ್ಪ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಅದು ರಕ್ಷಣೆಯ ಗುರುತು.

5. ಕಿರಿದಾದ ಬಾಯಿಯ, ಮುಚ್ಚಳವಿರುವ ಪಾತ್ರೆಯಲ್ಲಿ ನೀರಿಡಿ. ಉದ್ದ ಹಿಡಿಯ ಸೌಟಿನಿಂದಲೇ ತೆಗೆಯಿರಿ. ಪಾತ್ರೆಯನ್ನು ಪ್ರತಿದಿನ ತೊಳೆಯಿರಿ.

6. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ಯಾವ ನೀರೂ ಬೇಡ. ಅನಂತರ ಕುದಿಸಿ ಆರಿಸಿದ ನೀರನ್ನು ಕೊಡಿ.

7. ಮಕ್ಕಳು ಶಾಲೆಗೆ ಹೋಗುವಾಗ, ನೀವು ಪ್ರಯಾಣ ಹೊರಡುವಾಗ, ಸ್ಟೀಲಿನ ಬಾಟಲಿಯಲ್ಲಿ ಮನೆಯ ನೀರನ್ನೇ ಒಯ್ಯಿರಿ.

ಎಚ್ಚರಿಕೆ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮುಂತಾದ ಕಡೆಗಳ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಹಲ್ಲು, ಮೂಳೆಗಳಿಗೆ ಹಾನಿ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಇಂಥ ಊರುಗಳವರು ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಮ್ಮ ಕ್ಯಾನುಗಳಲ್ಲಿ ನೀರು ತರುವುದೇ ಯೋಗ್ಯ. ಅದೇ ಕ್ಯಾನನ್ನು ಮತ್ತೆ ಮತ್ತೆ ತುಂಬಿಸುವುದರಿಂದ ಕಸವೂ ಆಗುವುದಿಲ್ಲ.

ಊರಿನ ಹೊಣೆ

ಅನುಕೂಲಸ್ಥರೆಲ್ಲ ಬಾಟಲಿಗೆ ಮೊರೆಹೋದರೆ, ಒಡೆದ ಕೊಳವೆಯನ್ನು ಸರಿಪಡಿಸಿ ಎಂದು ಕೇಳುವವರು ಯಾರು? ಕೊಳ್ಳಲಾರದ ಕೂಲಿಕಾರರ ಮಗು ಅದೇ ನೀರನ್ನು ಕುಡಿಯಬೇಕಾಗುತ್ತದೆ. ಕೊಳವೆ ಒಡೆದುದು ಕಂಡೊಡನೆ ಗ್ರಾಮ ಪಂಚಾಯತಿಗೆ ಅಥವಾ ನಗರಸಭೆಗೆ ತಿಳಿಸಿ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಪರೀಕ್ಷೆಯ ಪುಟ್ಟ ಶೀಶೆಯಲ್ಲಿ ತುಂಬಿಟ್ಟ ನೀರು ಕಪ್ಪಾದರೆ ಅದು ಕೆಟ್ಟಿದೆಯೆಂದು ತಿಳಿಯಬೇಕು. ನಿಮ್ಮ ಬೀದಿಯ ನೀರನ್ನೂ ಪರೀಕ್ಷಿಸುವಂತೆ ಕೇಳಿ. ಅದು ನಿಮ್ಮ ಹಕ್ಕು.

ಸಿಕ್ಕಿಂ ರಾಜ್ಯದ ಲಾಚೆನ್ ಎಂಬ ಹಳ್ಳಿಯ ಜನ 2012ರಲ್ಲಿಯೇ ಬಾಟಲಿ ನೀರನ್ನು ನಿಷೇಧಿಸಿದರು. 2022ರ ಜನವರಿ 1ರಿಂದ ಇಡೀ ರಾಜ್ಯವೇ ಆ ಹಾದಿ ಹಿಡಿಯಿತು. ನಾವು ಮುಂದಿನ ಮದುವೆ, ನಾಮಕರಣ, ಜಾತ್ರೆಗಳಲ್ಲಿ ಸ್ಟೀಲಿನ ಲೋಟ, ಜಗ್ಗು, ಕುದಿಸಿ ಆರಿಸಿದ ನೀರಿನ ಹಂಡೆ ಇವನ್ನು ಮರಳಿ ತಂದರೆ ಆರಂಭಕ್ಕೆ ಅಷ್ಟು ಸಾಕು.

ನೆನಪಿಡಬೇಕಾದ ಅಂಶಗಳು

• ನೀರು ಸುರಕ್ಷಿತವಾಗುವುದು ಶುದ್ಧೀಕರಣದಿಂದ, ಬಾಟಲಿಯಿಂದಲ್ಲ.
• ಕುದಿಸಿ, ಮುಚ್ಚಿಟ್ಟ ನಲ್ಲಿಯ ನೀರು ಕುಟುಂಬಕ್ಕೂ ಪರಿಸರಕ್ಕೂ ಹಿತ.
• ಫ್ಲೋರೈಡ್ ಇರುವ ನೀರನ್ನು ಕುದಿಸಿ ಪ್ರಯೋಜನವಿಲ್ಲ.
• ಬಾಟಲಿಯನ್ನು ಸುಡಬೇಡಿ, ಬಯಲಿನಲ್ಲಿ ಎಸೆಯಬೇಡಿ.

ಪ್ರಶ್ನೆಗಳು

1. ಕೊಳವೆಯಲ್ಲಿ ಒತ್ತಡವಿಲ್ಲದಾಗ ನೀರು ಹೇಗೆ ಕೆಡುತ್ತದೆ?
2. ಬಿಸಾಡಿದ ಬಾಟಲಿಗೂ ಡೆಂಗ್ಯೂ ಜ್ವರಕ್ಕೂ ಏನು ಸಂಬಂಧ?
3. ನಿಮ್ಮ ಮನೆಗೆ ಕಳೆದ ತಿಂಗಳು ಎಷ್ಟು ಬಾಟಲಿಗಳು ಬಂದವು? ಅವು ಈಗ ಎಲ್ಲಿವೆ?