ಕಥಾರಚನೆ: ದೈತ್ಯ ಯಂತ್ರಮಾನವ ಮತ್ತು ಕೃಷ್ಣೆಯ ಮಹಾಪೂರ

ಉದ್ದೇಶ: ಅನ್ಯರು ಕಟ್ಟಿದ ಕಥಾಲೋಕದಲ್ಲಿ ವಿದ್ಯಾರ್ಥಿಗಳು ಸ್ವಂತ ಕಥಾಬೀಜಗಳನ್ನು ಕಂಡುಕೊಳ್ಳುವುದು.

ಪೀಠಿಕೆ: 1979ರಲ್ಲಿ ಜಪಾನಿನಲ್ಲಿ ಆರಂಭವಾದ ‘ಮೊಬೈಲ್ ಸೂಟ್ ಗಂಡಮ್’ ಎಂಬ ದೂರದರ್ಶನ ಸರಣಿಯಲ್ಲಿ 18 ಮೀಟರ್ ಎತ್ತರದ ಯಂತ್ರವನ್ನು ಒಳಗೆ ಕುಳಿತ ಹುಡುಗನೊಬ್ಬನು ನಡೆಸುತ್ತಾನೆ. ಬಲ ಯಂತ್ರದ್ದು, ನಿರ್ಧಾರ ಮನುಷ್ಯನದು.

ಚಟುವಟಿಕೆ: ಮಾಧವನಗರದ ಮಕ್ಕಳು 2019ರ ಮಹಾಪೂರದ ಸಂಗತಿಯನ್ನು ಮನೆಯ ಹಿರಿಯರಿಂದ ಕೇಳಿ ಬರಲಿ. ಅನಂತರ ಆ ಯಂತ್ರವನ್ನು ಅಂದಿನ ಸಾಂಗಲಿಯ ನದೀತೀರದಲ್ಲಿ ನಿಲ್ಲಿಸಿ, ಗುಂಪುಗಳಲ್ಲಿ ಹೀಗೆ ಚರ್ಚಿಸಲಿ:

1. ಯಂತ್ರವು ಹೊಳೆಗೆ ಅಡ್ಡ ನಿಂತರೆ ಹಿನ್ನೀರಿನ ಊರುಗಳ ಗತಿಯೇನು?
2. ನೀರನ್ನು ಒಮ್ಮೆಲೇ ಬಿಟ್ಟರೆ ಕೆಳಗಿನ ಕರ್ನಾಟಕದ ಊರುಗಳದೇನು?
3. ಒಳಗಿರುವವನ ಮನೆಯೇ ಮುಳುಗುತ್ತಿದ್ದರೆ?

ಸೂಚನೆ: ಶಿಕ್ಷಕರು ಎಲ್ಲ ಉತ್ತರಗಳನ್ನೂ ಕರಿಹಲಗೆಯ ಮೇಲೆ ಬರೆಯಬೇಕು; ಆಗ ಸರಿ-ತಪ್ಪು ಎನ್ನಬಾರದು. ಮರಾಠಿಯಲ್ಲಿ ಹೊಳೆದುದನ್ನೂ ಸ್ವೀಕರಿಸಿ, ಬಳಿಕ ಮಕ್ಕಳಿಂದಲೇ ಕನ್ನಡಕ್ಕೆ ತರಿಸಬೇಕು.

ಮೌಲ್ಯಮಾಪನ: ಕಾಳಗದ ಅಬ್ಬರಕ್ಕಿಂತ ಆಯ್ಕೆಯ ಕಷ್ಟವನ್ನು ತೋರಿದ ಕಥೆಗೆ ಹೆಚ್ಚು ಅಂಕ ಸಲ್ಲಬೇಕು.