ಎದೆಯ ಆಪರೇಷನ್ ನಂತರ ಒಳಗೆ ಬೆಳೆಯುವ ಅಂಟು

ಶಿವಮೊಗ್ಗ-ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಯುವತಿಯೊಬ್ಬಳಿಗೆ, ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆ ಎಂದಿಟ್ಟುಕೊಳ್ಳೋಣ. ಮುಂದೆ ಮಕ್ಕಳಾಗಬೇಕೆಂಬ ಕಾರಣಕ್ಕೆ ವೈದ್ಯರು ಆಕೆಗೆ ಪ್ರಾಣಿಗಳ ಅಂಗಾಂಶದಿಂದ ತಯಾರಿಸಿದ ಕವಾಟ ಜೋಡಿಸುತ್ತಾರೆ. ಇಂಥ ಕವಾಟ ಹತ್ತು-ಹದಿನೈದು ವರ್ಷಗಳಲ್ಲಿ, ಕಿರಿಯರಲ್ಲಿ ಇನ್ನೂ ಬೇಗ ಸವೆಯಬಹುದು. ಆಗ ಎರಡನೆಯ ಬಾರಿ ಎದೆ ತೆರೆಯಬೇಕಾಗುತ್ತದೆ. ಒಳಗಿನ ಅಂಟಿನ ತೊಂದರೆ ಎದುರಾಗುವುದು ಆಗಲೇ.

ಅಂಟು ಏಕೆ ಬೆಳೆಯುತ್ತದೆ?

ಶ್ವಾಸಕೋಶದ ಮೇಲೆ ಮತ್ತು ಎದೆಗೂಡಿನ ಒಳಗೋಡೆಗೆ ತೆಳುವಾದ, ನುಣುಪಾದ ಪೊರೆಗಳಿವೆ. ಹೃದಯದ ಸುತ್ತಲೂ ಇಂಥದೇ ಚೀಲವಿದೆ. ನಡುವೆ ಇರುವ ಅಲ್ಪ ದ್ರವದಿಂದಾಗಿ ಅವು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಪೊರೆಗೆ ಗಾಯವಾದಾಗ ರಕ್ತದಿಂದ ಫೈಬ್ರಿನ್ ಎಂಬ ಅಂಟು ಪದಾರ್ಥ ಸುರಿಯುತ್ತದೆ. ದೇಹ ಅದನ್ನು ಕೆಲವೇ ದಿನಗಳಲ್ಲಿ ಕರಗಿಸಿದರೆ ಸರಿ. ಇಲ್ಲವಾದರೆ ಅದರ ಮೇಲೆ ನಾರು ಬೆಳೆದು, ಚರ್ಮದ ಮೇಲಿನ ಗಾಯದ ಕಲೆಯಂತೆಯೇ ಗಟ್ಟಿಯಾಗುತ್ತದೆ. ಒಳಗೆ ಉಳಿದ ರಕ್ತ ಮತ್ತು ಕೀವು ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಅನೇಕರಲ್ಲಿ ಈ ಅಂಟಿನಿಂದ ಯಾವ ತೊಂದರೆಯೂ ಆಗುವುದಿಲ್ಲ. ಆದರೆ ಶ್ವಾಸಕೋಶದ ಸುತ್ತ ದಪ್ಪ ಪದರ ಕಟ್ಟಿದರೆ ಅದು ಪೂರ್ತಿ ಹಿಗ್ಗಲಾರದೆ ಏದುಸಿರು ಬರುತ್ತದೆ. ಹೃದಯವು ಎದೆಮೂಳೆಯ ಹಿಂಬದಿಗೆ ಅಂಟಿದ್ದರೆ, ಮರು ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೊಯ್ಯುವಾಗ ಹೃದಯಕ್ಕೇ ಗಾಯವಾಗುವ ಅಪಾಯವಿದೆ.

ವೈದ್ಯರು ಏನು ಮಾಡುತ್ತಾರೆ?

ಅಂಟನ್ನು ಪೂರ್ತಿಯಾಗಿ ತಡೆಯುವ ಉಪಾಯ ಇನ್ನೂ ಇಲ್ಲ. ಕಡಿಮೆ ಮಾಡುವುದು ಸಾಧ್ಯ. ಅಂಗಾಂಶಗಳನ್ನು ಮೃದುವಾಗಿ ಹಿಡಿಯುವುದು, ಒಣಗಲು ಬಿಡದಿರುವುದು, ರಕ್ತಸ್ರಾವ ಪೂರ್ತಿ ನಿಲ್ಲಿಸುವುದು, ಉಳಿದ ರಕ್ತ ಹೊರಬರಲು ನಳಿಕೆ ಇಡುವುದು ಮುಖ್ಯ. ಕೆಲವೊಮ್ಮೆ ಹೃದಯದ ಚೀಲವನ್ನು ಮತ್ತೆ ಹೊಲಿಯುತ್ತಾರೆ, ಅಥವಾ ಕೃತಕ ಪೊರೆಯನ್ನು ಹೊದಿಸುತ್ತಾರೆ. ಕೈಗವಸಿನ ಪುಡಿಯಿಂದಲೂ ಅಂಟು ಬೆಳೆಯುವುದರಿಂದ ಅಮೆರಿಕವು 2017ರ ಜನವರಿಯಿಂದ ಪುಡಿ ಹಚ್ಚಿದ ವೈದ್ಯಕೀಯ ಕೈಗವಸುಗಳನ್ನು ನಿಷೇಧಿಸಿದೆ.

ರೋಗಿ ಏನು ಮಾಡಬೇಕು?

ಉಸಿರಾಟದ ವ್ಯಾಯಾಮ ಅಂಟನ್ನು ಕರಗಿಸುವುದಿಲ್ಲ. ಆದರೆ ಶ್ವಾಸಕೋಶ ಮುದುಡದಂತೆ, ಕಫ ನಿಂತು ಸೋಂಕಾಗದಂತೆ ನೋಡಿಕೊಳ್ಳುತ್ತದೆ.

* ವೈದ್ಯರು ಹೇಳಿದಂತೆ, ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಬಾರಿ ನಿಧಾನವಾಗಿ ಆಳವಾದ ಉಸಿರು ತೆಗೆದುಕೊಳ್ಳಿ. ಎರಡು-ಮೂರು ಸೆಕೆಂಡು ಹಿಡಿದು ಬಿಡಿ.
* ಮೂರು ಚೆಂಡುಗಳ ಉಪಕರಣ ಕೊಟ್ಟಿದ್ದರೆ ಅದನ್ನು ಊದಬಾರದು. ಉಸಿರು ಒಳಗೆಳೆದು ಚೆಂಡು ಮೇಲೇರಿಸಬೇಕು. ಇದನ್ನು ಅನೇಕರು ತಪ್ಪಾಗಿ ಮಾಡುತ್ತಾರೆ.
* ಎದೆಗೆ ದಿಂಬು ಒತ್ತಿಹಿಡಿದು ಕೆಮ್ಮಿ ಕಫ ತೆಗೆಯಿರಿ.
* ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿ. ನೋವಿದ್ದರೆ ಉಸಿರು ಮೇಲುಮೇಲಕ್ಕೇ ಉಳಿಯುತ್ತದೆ.
* ವೈದ್ಯರು ಒಪ್ಪಿದ ದಿನದಿಂದಲೇ ಎದ್ದು ಓಡಾಡಿ. ಪಕ್ಕೆಯಲ್ಲಿ ಗಾಯವಿದ್ದರೆ ಭುಜ ಬಿಗಿಯದಂತೆ ತೋಳಿಗೆ ಹೇಳಿಕೊಟ್ಟ ವ್ಯಾಯಾಮ ಮಾಡಿ.
* ಬೀಡಿ, ಸಿಗರೇಟು ಸಂಪೂರ್ಣ ಬಿಡಿ.

ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕೊಡ ಎತ್ತುವುದು, ಸ್ಕೂಟರ್ ಓಡಿಸುವುದು ಬೇಡ. ಎಣ್ಣೆ ತಿಕ್ಕಿದರೆ ಒಳಗಿನ ಅಂಟು ಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಹೊಸ ಗಾಯವನ್ನು ತಿಕ್ಕಿದರೆ ಹಾನಿಯೇ ಹೆಚ್ಚು.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಜ್ವರ, ಹೆಚ್ಚುತ್ತಿರುವ ಉಬ್ಬಸ, ಗಾಯದಲ್ಲಿ ಕೀವು, ಮೂಳೆ ಕಟಕಟ ಎನ್ನುವುದು ಕಂಡರೆ ತಡಮಾಡಬೇಡಿ. ತಿಂಗಳುಗಳ ನಂತರ ಕಾಲು, ಹೊಟ್ಟೆ ಊದಿಕೊಂಡರೆ ಹೃದಯದ ಚೀಲ ಗಟ್ಟಿಯಾಗಿ ಬಿಗಿದಿರಬಹುದು, ಪರೀಕ್ಷೆ ಅಗತ್ಯ. ಊರಿಗೆ ಹತ್ತಿರವೆಂದು ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದರೂ, ಆಪರೇಷನ್ ಆದಲ್ಲಿ ಕೊಟ್ಟ ಬಿಡುಗಡೆ ಚೀಟಿಯನ್ನು ಜೊತೆಗೆ ಒಯ್ಯಿರಿ.

ಆ ಚೀಟಿಯನ್ನು ಮನೆಯ ಪತ್ರಗಳಂತೆ ಜೋಪಾನವಾಗಿಡಿ. ಹಿಂದೆ ಏನು ಮಾಡಿದ್ದರು, ಚೀಲ ಹೊಲಿದಿದ್ದರೇ ಎಂಬುದು ತಿಳಿದರೆ, ಎರಡನೆಯ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಿ, ಹೃದಯ ಎಲ್ಲಿ ಅಂಟಿರಬಹುದೆಂದು ನೋಡಿಕೊಂಡೇ ಮುಂದುವರಿಯಬಲ್ಲರು.